ಬಾಡಿಗೆದಾರ ಓದಿ ಹೇಳಿದ ಕಾಗದಗಳು

ರಾಯಚೂರು
14-6-1959

ಅಕ್ಕ ಮುನಿಕೆಂಪಮ್ಮನ ಪಾದಗಳಿಗೆ, ಯಲಹಂಕದಿಂದ ಒಂದು ಹಗಲು ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ ಕುಳಿತಿರುವ ತಮ್ಮ ರಾಮಕೃಷ್ಣಪ್ಪನ ನಮಸ್ಕಾರ.

ಈ ಕಾಗದವನ್ನು ಎದುರುಮನೆಯ ವೆಂಕಟರಾಮಯ್ಯ ಮೇಷ್ಟ್ರು ನಿನಗೆ ಓದಿ ಹೇಳುತ್ತಿದ್ದಾರೆಂದು ನಂಬಿ ಬರೆಯುತ್ತಿದ್ದೇನೆ. ಮೇಷ್ಟ್ರೇ, ನಿಮಗೂ ನಮಸ್ಕಾರ. ದಯವಿಟ್ಟು ನಿಧಾನವಾಗಿ ಓದಿ. ನಮ್ಮಕ್ಕ ಅರ್ಥವಾಗದಿದ್ದರೂ ಹೂಂಗುಡುತ್ತಾಳೆ.

ರಜ ಮುಗಿಸಿ ಬಂದು ಕಾಲೇಜಿಗೆ ಸೇರಿದ್ದಾಯಿತು. ಗೋಪಾಲಮ್ಮನೂ ಹುಡುಗಿಯರಿಬ್ಬರೂ ಚೆನ್ನಾಗಿದ್ದಾರೆ. ಪಾಠ ಹೇಳುವಾಗಲೂ ನಮ್ಮ ಹೊಸ ಮನೆಯ ಸುಣ್ಣದ ವಾಸನೆ ಮೂಗಿಗೆ ಬರುತ್ತದೆ. ನಮ್ಮೂರು ಕೋಗಿಲಿನ ನಿನ್ನ ಪಾಲಿನ ಹೊಲ ಹೋಗಿ ಯಲಹಂಕದಲ್ಲಿ ಹೆಂಚಿನ ಮನೆಯಾಗಿ ನಿಂತಿದೆಯಲ್ಲ, ಅದನ್ನು ನೆನೆದರೆ ಎದೆ ಉಬ್ಬುತ್ತದೆ. ನಮ್ಮ ವಂಶದಲ್ಲಿ ಉತ್ತವರಿದ್ದಾರೆ, ಬಿತ್ತಿದವರಿದ್ದಾರೆ. ಬಾಡಿಗೆಗೆ ಬಿಟ್ಟವರು ನಾವೇ ಮೊದಲು.

ನೀನು ಹಿಂದಿನ ಕೋಣೆಯಲ್ಲಿರು. ಮುಂದಿನ ಹಜಾರ, ರೂಮು, ಅಡಿಗೆಮನೆ ಬಾಡಿಗೆಗೆ. ಬಾಡಿಗೆದಾರನನ್ನು ಎತ್ತು ಕೊಳ್ಳುವ ಹಾಗೆ ಆರಿಸು: ಹಲ್ಲು ನೋಡು, ಸುಳಿ ನೋಡು, ನಾಲ್ಕು ಹೆಜ್ಜೆ ನಡೆಸಿ ನೋಡು. ಆಮೇಲೆ ನನ್ನ ಷರತ್ತುಗಳನ್ನು ಹೇಳು. ಗೋಡೆಗೆ ಮೊಳೆ ಹೊಡೆಯಕೂಡದು. ಒಂದಕ್ಕೆ ಜಾಗ ಕೊಟ್ಟರೆ ಪಕ್ಕದಲ್ಲೇ ಇನ್ನೊಂದು ಮೊಳೆಯುತ್ತದೆ. ದೀಪ ಹಚ್ಚಿದ ಮೇಲೆ ಒರಳು ಆಡಿಸಕೂಡದು, ನಿನಗೆ ನಿದ್ದೆ ಬೇಕು. ನೆಂಟರು ಮೂರು ದಿನದ ಮೇಲೆ ಉಳಿಯಕೂಡದು. ಈ ಮನೆಗೆ ನಾನು ಒಡೆಯ, ಆದ್ದರಿಂದ ಅವರು ಏನನ್ನೂ ಒಡೆಯಕೂಡದು. ಕೊನೆಯದಾಗಿ, ಮನೆಯ ಒಡೆಯನು ಹಾಸ್ಯ ಮಾಡಿದಾಗ ನಗತಕ್ಕದ್ದು. ಇಲ್ಲಿ ನನ್ನ ತರಗತಿಯಲ್ಲಿ ಯಾರೂ ನಗುವುದಿಲ್ಲ. ಅಲ್ಲಾದರೂ ಒಂದು ಸಂಸಾರ ನಗುತ್ತಿರಲಿ.

ನಿನ್ನ ತಮ್ಮ
ರಾಮಕೃಷ್ಣಪ್ಪ, ಕನ್ನಡ ಅಧ್ಯಾಪಕ (ಈಗ ಮನೆಯ ಒಡೆಯ ಕೂಡ)


ಯಲಹಂಕ
2-7-1959

ತಮ್ಮ ಕಿಟ್ಟಂಗೆ ಅಕ್ಕನ ಆಶೀರ್ವಾದ. ನಾನು ಎಂಗೆ ಯೋಳ್ತೀನೋ ಅಂಗೇ ಬರೀಬೇಕು ಅಂತ ಬರೆಯೋನಿಗೆ ಯೋಳಿವ್ನಿ.

ವೆಂಕಟರಾಮಯ್ಯ ಮೇಷ್ಟ್ರಿಗೆ ದೊಡ್ಡಬಳ್ಳಾಪುರಕ್ಕೆ ವರ್ಗ ಆಗೋಯ್ತು. ನಿನ್ ಕಾಗ್ದ ಎಂಟು ದಿನ ಸೊಂಟದಾಗೇ ಸಿಗಸ್ಕೊಂಡು ತಿರುಗ್ದೆ. ಅಷ್ಟ್ರಲ್ಲಿ ಮನೆ ಕೇಳ್ಕೊಂಡು ಮೂರು ಜನ ಬಂದ್ರು. ಮೂರು ಜನಕ್ಕೂ ನಿನ್ ಕಾಗ್ದಾನೇ ಕೊಟ್ಟು, ಓದಪ್ಪ ಅಂದೆ. ಒಬ್ಬ ಕನ್ನಡ್ಕ ಮರ್ತು ಬಂದಿವ್ನಿ ಅಂದ. ಇನ್ನೊಬ್ಬ ಅರ್ಧ ಓದಿ, ಇದೇನ್ ಬಾಡ್ಗೆ ಮನೆಯೋ ಜೈಲೋ ಅಂತ ಎದ್ದೋದ. ಮೂರನೇವ್ನು ಪೂರ್ತಿ ಓದ್ದ. ಕೊನೇಲಿ ನಕ್ಕ. ಯಾಕಪ್ಪ ನಗ್ತೀಯ ಅಂದೆ. ‘ನಗಬೇಕು ಅಂತ ಬರೆದಿದಾರಲ್ಲ ದೊಡ್ಡಮ್ಮ’ ಅಂದ. ಬೀಗದಕೈ ಕೊಟ್ಬಿಟ್ಟೆ.

ಎಸ್ರು ಗಯಾಸು. ಜಾಲಹಳ್ಳಿ ಕಾರ್ಖಾನೇಲಿ ಕಬ್ಬಿಣ ಕಡಿಯೋ ಮಿಸನ್ನು ಓಡಿಸ್ತಾನೆ. ಎಂಡ್ತಿ ಅಕ್ಬರಿ. ಅವಳಿಗೆ ತಾಯಿಲ್ಲ. ನೀನು ಯೋಳ್ದಂಗೆ ಹಲ್ಲು ನೋಡ್ದೆ, ನೆಟ್ಟಗವೆ. ಸುಳಿ ಟೋಪಿ ಒಳಗೈತೆ, ಕಾಣ್ಲಿಲ್ಲ.

ಇನ್ಮೇಲೆ ನಿನ್ ಕಾಗ್ದ ಓದೋನೂ ಇವ್ನೇ, ನನ್ ಕಾಗ್ದ ಬರೆಯೋನೂ ಇವ್ನೇ. ಈಗ ಬರೀತಿರೋನೂ ಇವ್ನೇ. ಬಾಡ್ಗೆನೂ ಬಂತು, ಓದೋ ಬಾಯೂ ಬಂತು. ನಾನು ಬುದ್ವಂತೆ ಅಲ್ವೇನ್ಲಾ?

ಬರೆದವನ ಬಿನ್ನಹ: ಮಾನ್ಯ ಮೇಷ್ಟ್ರಿಗೆ ಗಯಾಸ್ ಮಾಡುವ ಸಲಾಮ್. ಕಾರ್ಖಾನೆಯಲ್ಲಿ ನಾನು ಟರ್ನರ್. ಡ್ರಾಯಿಂಗಿನಲ್ಲಿ ಇರುವ ಅಳತೆಗೆ ಕೂದಲೆಳೆ ಹೆಚ್ಚು ಕಡಿಮೆಯಾಗದಂತೆ ಕತ್ತರಿಸುವುದು ನನ್ನ ಕೆಲಸ. ನಿಮ್ಮ ಕಾಗದವನ್ನು ಓದುವಾಗಲೂ ದೊಡ್ಡಮ್ಮನವರ ಮಾತನ್ನು ಬರೆಯುವಾಗಲೂ ಹಾಗೆಯೇ ಮಾಡುತ್ತೇನೆ. ಮೊಳೆಯ ಮಾತಿಗೆ ನಿಜವಾಗಿಯೂ ನಗು ಬಂತು.


ಯಲಹಂಕ
20-9-1959

ಕಿಟ್ಟ, ಒಂದು ಸಮಾಚಾರ. ಅಕ್ಬರಿ ಬಸುರಿ. ಐದು ತಿಂಗ್ಳು. ನಾನು ಕಂಡಿಡಿದ ಮೇಲೇನೇ ಅವಳ ಗಂಡಂಗೆ ಗೊತ್ತಾಗಿದ್ದು. ಈಗ ಬರೀತಾ ನಾಚ್ಕೊಂತಾವ್ನೆ.

ಹಜಾರದ ತೊಲೇಗೆ ತೊಟ್ಲು ಕಟ್ಟಕ್ಕೆ ಒಂದು ಕೊಕ್ಕೆ ಆಕ್ಕೊಳ್ಳಾದಾ ಅಂತ ಕೇಳ್ತಾನೆ. ಆಕ್ಕೊ ಅಂದೆ. ‘ಮೇಷ್ಟ್ರು ಮೊಳೆ ಬೇಡ ಅಂದಿದಾರೆ, ಕೇಳಿ’ ಅಂದ. ಅದ್ಕೆ ಕೇಳ್ತಾ ಇವ್ನಿ.


ರಾಯಚೂರು
3-10-1959

ಅಕ್ಕಾ,

ಸಂತೋಷ. ಆದರೆ ಕೊಕ್ಕೆ ಬೇಡ. ಇವತ್ತು ತೊಲೆಗೆ ಕೊಕ್ಕೆ, ಕೊಕ್ಕೆಗೆ ತೊಟ್ಟಿಲು, ತೊಟ್ಟಿಲಿಗೆ ಮಗು. ಮಗುವಿಗೆ ತಮ್ಮ, ತಮ್ಮನಿಗೆ ತಂಗಿ. ಬಾಡಿಗೆದಾರನ ವಂಶವೃಕ್ಷ ನನ್ನ ತೊಲೆಯಿಂದ ತಲೆಕೆಳಗಾಗಿ ಇಳಿಬೀಳುತ್ತದೆ. ಮಗುವನ್ನು ಚಾಪೆಯ ಮೇಲೆ ಮಲಗಿಸಿದರೆ ಬೀಳುವ ಭಯವೇ ಇಲ್ಲ.

ಗಯಾಸ್ ಅವರೇ, ಈ ಸಾಲನ್ನು ಓದುತ್ತಿರುವ ನಿಮ್ಮ ಮುಖ ಹೇಗಿದೆಯೋ ಕಾಣೆ. ಬಾಡಿಗೆದಾರನಿಗೆ ಇಲ್ಲ ಎನ್ನಬೇಕಾದರೆ ಅದನ್ನೂ ಅವನ ಬಾಯಿಂದಲೇ ಹೇಳಿಸಬೇಕಾದ ಮನೆ ಒಡೆಯ ಈ ಮೈಸೂರು ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ರಾಮಕೃಷ್ಣಪ್ಪ


ರಾಯಚೂರು
17-12-1959

ಅಕ್ಕಾ,

ಈ ಕಾಗದವನ್ನು ಗಯಾಸ್ ಓದಕೂಡದು. ಪೋಸ್ಟ್ ಮಾಸ್ತರರ ಹತ್ತಿರ ತೆಗೆದುಕೊಂಡು ಹೋಗಿ ಓದಿಸು.

ಎರಡು ತಿಂಗಳಿಂದ ಬರೆಯಲಾಗಲಿಲ್ಲ. ಕೆಲಸ ಬಹಳ. ಸಂಕ್ರಾಂತಿಯೊಳಗೆ ಮನೆ ಖಾಲಿಯಾಗಬೇಕು. ಇಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ಅವರಿಗೆ ಮನೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಓದಿದವರು, ಮರ್ಯಾದಸ್ಥರು, ಈಗ ಕಷ್ಟದಲ್ಲಿದ್ದಾರೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವರಿಗೆ ಬೇರೆಲ್ಲೂ ಹೋಗಲು ಜಾಗವಿಲ್ಲ ಅಕ್ಕಾ, ಇದನ್ನು ನೀನು ಸರಿಯಾಗಿ ಕೇಳಿಸಿಕೊ.

ಗಯಾಸ್ ಸುಮ್ಮನೆ ಬಿಡದಿದ್ದರೆ ಬಾವಿಯ ಹಗ್ಗ ತೆಗೆದು ನಿನ್ನ ಕೋಣೆಯಲ್ಲಿಟ್ಟುಕೊ. ನನ್ನ ಸ್ನೇಹಿತರಿರುವ ಮನೆಯ ಒಡೆಯರು ಹಾಗೆಯೇ ಮಾಡಿದ್ದಾರಂತೆ. ಅವರ ಹೆಂಡತಿ ಈಗ ಮೂರು ಬೀದಿ ದಾಟಿ ನೀರು ತರುತ್ತಾರೆ. ಬಹಳ ಪರಿಣಾಮಕಾರಿ.

ತಡ ಮಾಡಬೇಡ.


ಯಲಹಂಕ
26-12-1959

ಕಿಟ್ಟಂಗೆ ಅಕ್ಕನ ಆಶೀರ್ವಾದ.

ಪೋಸ್ಟ್ ಮಾಸ್ತರ ತಾವ ಓಗಿದ್ದೆ. ಅವರು ‘ಗಯಾಸ್ ಓದಕೂಡದು’ ಅನ್ನೋಗಂಟ ಓದಿ, ಇದು ಮನೇ ವಿಷ್ಯ, ನಂಗ್ಯಾಕಮ್ಮ ಅಂತ ಮಡಚಿ ಕೊಟ್ಬಿಟ್ರು. ತಂದು ಇವ್ನ ಕೈಗೇ ಕೊಟ್ಟೆ. ಮೊದಲ್ನೇ ಸಾಲು ಓದಿ ಇವ್ನು ಬಾಯಿ ಮುಚ್ಚಿದ. ‘ದೊಡ್ಡಮ್ಮ, ನಾನು ಓದಬಾರದಂತೆ.’ ಓದಾಯ್ತಲ್ಲ, ಮುಂದಕ್ಕೋದು ಅಂದೆ. ಪಾಪ, ಓದ್ದ. ಬಾವಿ ಅಗ್ಗದ ತಾವ ನೀರು ಕೇಳ್ದ, ಕೊಟ್ಟೆ, ಮತ್ತೆ ಓದ್ದ.

ನೀನು ಯೋಳಿದ್ಮೇಲೆ ಮಾಡ್ದೆ ಇರಕ್ಕಾಗ್ತದಾ? ಅಗ್ಗ ಬಿಚ್ಚಿ ಕೋಣೇಲಿ ಇಟ್ಕೊಂಡೆ. ಅರ್ಧ ಗಂಟೇಗೆ ಅಕ್ಬರಿ ಬಿಂದ್ಗೆ ಇಡ್ಕೊಂಡು ಬಂದು ಕಟ್ಟೆ ತಾವ ನಿಂತ್ಕೊಂಡ್ಳು. ಎಂಟು ತುಂಬೈತೆ ಅವಳಿಗೆ. ನಾನೇ ಎದ್ದೋಗಿ ಅಗ್ಗ ಆಕಿ ಸೇದ್ಕೊಟ್ಟೆ. ಆವತ್ತಿಂದ ಅವರ ನೀರೂ ನಾನೇ ಸೇದ್ತಾ ಇವ್ನಿ. ನಿನ್ ಉಪಾಯದಾಗೆ ಬಿದ್ದೋಗಿದ್ದು ನನ್ ತೋಳು.

ಮನೆ ಬಿಡ್ಸು ಅಂದ್ರೆ ಆಗಲ್ಲ. ಬಸುರೀನ ಈ ತಿಂಗ್ಳಲ್ಲಿ ಒಸಲು ದಾಟಿಸಿ ಇನ್ನೊಂದ್ ಮನೇಗೆ ಕಳ್ಸೋದು ನಮ್ಮಲ್ಲಿಲ್ಲ, ನಿಂಗೂ ಗೊತ್ತು.

ನಿನ್ ಸ್ನೇಯಿತನ ಎಣ್ಮಕ್ಳಿಗೆ ಎಷ್ಟು ವಯಸ್ಸು? ಬರೀಲಿಲ್ಲ. ಈ ಸಲ ನಗೋ ಮಾತೂ ಒಂದೂ ಬರೀಲಿಲ್ಲ. ಗಯಾಸು ಎಲ್ಲಿ ನಗಬೇಕು ಅಂತ ಹಿಂದಕ್ಕೂ ಮುಂದಕ್ಕೂ ತಿರುವಿ ಹುಡುಕ್ದ.


ರಾಯಚೂರು
8-1-1960

ಅಕ್ಕಾ,

ಬಂದ ಕಾಗದ ನಿನ್ನದೇ ಎಂದು ನನಗೆ ನಂಬಿಕೆಯಿಲ್ಲ. ನನ್ನ ಅಕ್ಕ ನನಗೆ ಆಗಲ್ಲ ಎಂದು ಒಂದು ದಿನವೂ ಹೇಳಿದವಳಲ್ಲ. ಓದುತ್ತಿರುವ ಮಹಾಶಯರೇ, ಅಕ್ಷರ ಬಾರದ ಹೆಂಗಸನ್ನು ಮುಂದಿಟ್ಟುಕೊಂಡು ನಿಮ್ಮ ಅನುಕೂಲವನ್ನು ಅವಳ ಬಾಯಲ್ಲಿ ತುರುಕುತ್ತಿದ್ದೀರಿ. ನೀವು ಬರೆದದ್ದು ನಿಜವಾದರೆ ಅವಳನ್ನು ಕೇಳಿ ಇದಕ್ಕೆ ಉತ್ತರ ಬರೆಯಿರಿ: ನನಗೆ ಎಂಟು ವರ್ಷವಾಗಿದ್ದಾಗ ಕೋಗಿಲಿನ ಕೆರೆ ಏರಿಯ ಮೇಲೆ ನಾನು ಸಿಕ್ಕಿಬಿದ್ದದ್ದು ಯಾವುದಕ್ಕೆ? ಅದು ಅವಳೊಬ್ಬಳಿಗೇ ಗೊತ್ತು.

ಅಕ್ಕಾ, ಇದು ನಿನ್ನ ಕಿವಿಗೆ ಬೀಳುತ್ತದೆಂಬ ಆಸೆಯಿಂದ ಬರೆಯುತ್ತೇನೆ. ನನ್ನ ಸ್ನೇಹಿತರ ಮನೆಯ ಒಡೆಯರು ಹೋದ ವಾರ ಮಾಡಿನ ಎರಡು ತಗಡು ತೆಗೆಸಿದ್ದಾರೆ, ರಿಪೇರಿಯೆಂದು. ಮಧ್ಯಾಹ್ನದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತದೆ. ದೊಡ್ಡ ಹುಡುಗಿ ಕೊಡೆ ಬಿಚ್ಚಿ ಹಿಡಿದು ತಂಗಿಗೆ ಅದರ ಕೆಳಗೆ ಊಟ ಮಾಡಿಸುತ್ತಾಳೆ. ಯಾರಾದರೂ ಕಂಡಾರೆಂದು ಸ್ನೇಹಿತರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ನೀನೂ ಮುಂದಿನ ಹೆಂಚು ತೆಗೆಸು. ಇಲ್ಲಿ ತಗಡು, ಅಲ್ಲಿ ಹೆಂಚು, ಕೆಲಸ ಒಂದೇ. ಕಲ್ಲುಮನಸ್ಸು ಮಾಡು. ಫೆಬ್ರವರಿ ದಾಟಿದರೆ ಅವರು ಬೀದಿಯಲ್ಲಿರುತ್ತಾರೆ.


ಯಲಹಂಕ
27-1-1960

ಕಿಟ್ಟ,

ಮೊದ್ಲು ನಿನ್ ಪ್ರಶ್ನೆ. ಕೆರೆ ಏರಿ ಮ್ಯಾಲೆ ದೊಡ್ಡಮುನಿಯಪ್ಪನ ತೋಪಿನ ಮಾವಿನಕಾಯಿ ಕದ್ದು, ಚಡ್ಡಿ ಜೇಬು ಉಬ್ಬಿಸ್ಕೊಂಡು ನೀನು ನಿಂತಿದ್ದೆ. ನಾನು ಏನ್ಲಾ ಇದು ಅಂದೆ. ‘ನಾನಲ್ಲಕ್ಕ, ನನ್ ಸ್ನೇಯಿತ ಕದ್ದು ನನ್ ಜೇಬಿಗೆ ಆಕಿದ’ ಅಂತ ನೀನಂದೆ. ಏರಿ ಉದ್ದಕ್ಕೂ ನಿನ್ನ ಬಿಟ್ರೆ ಒಂದು ನರಪಿಳ್ಳೆ ಇರ್ಲಿಲ್ಲ.

ಆ ಸ್ನೇಯಿತ ಈಗ ಎಂಗವ್ನೆ, ಕಿಟ್ಟ?

ಎಂಚಿನ ವಿಷ್ಯ. ನಂಗೆ ಮಂಡಿನೋವು, ಏಣಿ ಅತ್ತಕ್ಕಾಗಲ್ಲ. ಏನ್ಮಾಡೋದು ಅಂತ ಕೂತಿದ್ದೆ. ಗಯಾಸು ತಾನೇ ಏಣಿ ತಂದು ಅತ್ತಿ, ಅವನ ರೂಮಿನ ಮ್ಯಾಲಿನ ಅತ್ತು ಎಂಚು ತಾನೇ ತೆಗ್ದು ಇಳಿಸ್ದ. ‘ಮೇಷ್ಟ್ರಿಗೆ ನಾನು ಸುಳ್ಳು ಓದಿದೆ ಅನ್ನಿಸಬಾರದು ದೊಡ್ಡಮ್ಮ’ ಅಂದ. ಆವತ್ತು ಮಂಜು ಬಿತ್ತು. ಬೆಳಕು ಅರಿಯೋ ಒತ್ನಲ್ಲಿ ಅಕ್ಬರಿಗೆ ನೋವು ಬಂತು. ಸೂಲಗಿತ್ತಿ ಬರೋ ಅಷ್ಟ್ರಲ್ಲಿ ಅತ್ತು ಎಂಚೂ ಮತ್ತೆ ಮ್ಯಾಲಿದ್ವು. ಬೈದು ಅತ್ತಿಸಿದ್ದು ನಾನು.

ಎಣ್ಣು ಮಗ. ಈ ಮನೇಲಿ ಮೊದಲ್ನೇ ಅಳು. ಕೊಕ್ಕೆ ಆಕ್ಸಿದೆ, ತೊಟ್ಲು ಕಟ್ಟಿವ್ನಿ. ನೀನು ಗೋಡೇಗೆ ಮೊಳೆ ಬ್ಯಾಡ ಅಂದಿದ್ದೆ, ತೊಲೆ ಗೋಡೆ ಅಲ್ಲ. ಅವರಲ್ಲಿ ಬಾಣಂತಿಗೆ ನಲವತ್ತು ದಿನವಂತೆ. ನಮ್ಮಲ್ಲಿ ಐದು ತಿಂಗ್ಳು. ಬಾಣಂತನ ಮಾಡ್ತಿರೋಳು ನಾನು, ಆದ್ರಿಂದ ನಮ್ ಕ್ರಮ. ಐದನೇ ತಿಂಗ್ಳಲ್ಲಿ ಮಡಿಲಕ್ಕಿ ಉಯ್ದು ಕಳ್ಸೋಗಂಟ ಅವಳು ಈ ಮನೇ ಎಣ್ಮಗಳು. ಎಣ್ಮಗಳನ್ನ ಎಂಚು ತೆಗ್ದು ಕಳ್ಸಕ್ಕಾಗಲ್ಲ.


ರಾಯಚೂರು
16-2-1960

ಗಯಾಸ್ ಅವರಿಗೆ,

ಇದನ್ನು ಮನೆಗೆ ಕಳಿಸದೆ ನಿಮ್ಮ ಕಾರ್ಖಾನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ದಯವಿಟ್ಟು ಅಕ್ಕನಿಗೆ ಓದಬೇಡಿ. ನಿಮ್ಮ ಮೇಲಿನ ಬೈಗುಳವನ್ನು ನಿಮ್ಮ ಬಾಯಿಂದಲೇ ಹೇಳಿಸಿದವನು ಈಗ ನಿಮ್ಮ ಮುಂದೆಯೇ ಕೈಯೊಡ್ಡಬೇಕಾಗಿದೆ.

ಸ್ನೇಹಿತರಿಲ್ಲ. ಅದು ನಿಮಗೂ ತಿಳಿದಿರಬೇಕು. ಮಾವಿನಕಾಯಿಯ ಕಥೆ ಬರೆಯುವಾಗ ನಿಮ್ಮ ಅಕ್ಷರ ಸ್ವಲ್ಪ ವಾಲಿದೆ.

ದೀಪಾವಳಿ ಮುಗಿದ ವಾರವೇ ನನ್ನ ಕೆಲಸ ಹೋಯಿತು. ಕಾಲೇಜಿನವರದು ತಪ್ಪಿಲ್ಲ. ಸೇರಿಸಿಕೊಂಡಾಗಲೇ ಆಜ್ಞೆಯಲ್ಲಿ ‘ತಾತ್ಕಾಲಿಕ’ ಎಂದು ಬರೆದಿದ್ದರು. ಆ ಕಾಗದ ಬಂದ ದಿನ ಅಕ್ಕ ಕಣ ಬಳಿಯುತ್ತಿದ್ದಳು. ಓದೋ ಕಿಟ್ಟ ಎಂದಳು. ಓದಿದೆ. ಆ ಒಂದು ಪದವನ್ನು ಬಿಟ್ಟು ಓದಿದೆ. ಅವಳು ಸಗಣಿಯ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ಆ ಕಾಗದವನ್ನು ನಂಬಿ ಕೋಗಿಲಿನ ಹೊಲ ಮಾರಿದಳು. ನನ್ನ ತಮ್ಮ ಕಾಲೇಜಿನಲ್ಲಿದ್ದಾನೆ, ನನಗೆ ಹೊಲ ಯಾಕೆ ಎಂದು ಊರಿಗೆಲ್ಲ ಹೇಳಿದಳು. ಈಗ ಏನೆಂದು ಬರೆಯಲಿ?

ಬಾವಿಯ ಹಗ್ಗ, ಮಾಡಿನ ತಗಡು, ಇವನ್ನೆಲ್ಲ ಹೊಳೆಸಿಕೊಳ್ಳುವಷ್ಟು ಜಾಣ ನಾನಲ್ಲ. ಒಂದೊಂದನ್ನೂ ಅನುಭವಿಸಿ, ಬಿಸಿ ಆರುವ ಮೊದಲು ನಿಮ್ಮ ಮೇಲೆ ಪ್ರಯೋಗಿಸಲು ಬರೆದೆ. ಬಾಡಿಗೆ ನಿಂತುಹೋದ ಮೇಲೆ ಇಲ್ಲಿಯವರು ನನ್ನನ್ನು ಬಿಡಿಸುವುದು ನ್ಯಾಯವೇ. ನಿಮ್ಮದು ಒಂದು ತಿಂಗಳೂ ನಿಂತಿಲ್ಲ.

ಇವತ್ತು ಬೆಳಗ್ಗೆ ಬಡಗಿ ಬಂದು ಬೀದಿಬಾಗಿಲನ್ನೇ ಕಿತ್ತುಕೊಂಡು ಹೋದ. ಗೋಪಾಲಮ್ಮ ತನ್ನ ಧಾರೆ ಸೀರೆಯನ್ನು ಅಡ್ಡ ಕಟ್ಟಿದ್ದಾಳೆ. ಗಾಳಿ ಬಂದಾಗಲೆಲ್ಲ ಬೀದಿ ಒಳಗೆ ಬರುತ್ತದೆ. ಚಿಕ್ಕವಳು ಅದನ್ನು ಪರದೆ ಎಂದುಕೊಂಡು ನಾಟಕ ಆಡುತ್ತಿದ್ದಾಳೆ. ಈ ಉಪಾಯವನ್ನು ಮಾತ್ರ ಅಕ್ಕನಿಗೆ ಬರೆಯಲಾರೆ.

ರಾಯಚೂರಿಗೆ ರಾಯನಂತೆ ಬಂದವನು. ರಾಯ ಹೋದ, ಚೂರು ಉಳಿದಿದೆ. ಕ್ಷಮಿಸಿ, ಚಟ. ನೀವು ನಗಬೇಕಾಗಿಲ್ಲ.

ಬಾಣಂತಿಯ ವಿಷಯ ಗೊತ್ತಿದ್ದೂ ಕೇಳುತ್ತಿದ್ದೇನೆ. ಯುಗಾದಿಯೊಳಗೆ ನೀವೇ ಏನಾದರೂ ನೆಪ ಹೇಳಿ ಹೊರಟುಬಿಡಿ. ನನಗೆ ಬೇರೆ ಸೂರಿಲ್ಲ.

ರಾಮಕೃಷ್ಣಪ್ಪ


ಯಲಹಂಕ
25-2-1960

ಮೇಷ್ಟ್ರಿಗೆ ಗಯಾಸ್ ಮಾಡುವ ಸಲಾಮ್.

ನಿಮ್ಮ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಕಬ್ಬಿಣ ಕಡಿಯುವ ಲೇತಿನ ಮುಂದೆ ನಿಂತೆ. ಎರಡು ಶಾಫ್ಟು ಕೆಡಿಸಿ ಫೋರ್‌ಮನ್ನರಿಂದ ಬೈಸಿಕೊಂಡೆ. ನಾಲ್ಕನೆಯ ದಿನ ದೊಡ್ಡಮ್ಮ ಕಾಲು ನೀಡಿ ಮಗುವಿಗೆ ನೀರು ಹಾಕುತ್ತಿದ್ದರು. ತಲೆ ಎತ್ತದೆ, “ಕಿಟ್ಟನ ಕಾಗ್ದ ಬಂದೈತಾ?” ಎಂದರು.

ಇಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. “ಬಂದಿದೆ. ನಿಮಗೆ ಓದಬೇಡ ಎಂದಿದ್ದಾರೆ” ಎಂದೆ.

“ನೀನು ಓದಬಾರ್ದು ಅಂದಿದ್ದನ್ನ ನಂಗೆ ಓದ್ದೆ. ನಂಗೆ ಬ್ಯಾಡ ಅಂದಿದ್ದನ್ನೂ ಓದು.”

ಓದಿದೆ. ‘ತಾತ್ಕಾಲಿಕ’ ಬಂದಾಗ, “ಅಂಗಂದ್ರೆ?” ಎಂದರು. ಸ್ವಲ್ಪ ದಿನದ್ದು ಎಂದೆ. “ಅಷ್ಟೇನಾ” ಎಂದರು. ಬಾಗಿಲಿನ ಮಾತು ಬಂದಾಗ ಮಗುವನ್ನು ಅಕ್ಬರಿಯ ಕೈಗೆ ಕೊಟ್ಟು ಎದ್ದರು. ನಮ್ಮ ಬೀದಿಬಾಗಿಲ ಹತ್ತಿರ ಹೋಗಿ ಮೇಲಿನ ಕೀಲು ಮುಟ್ಟಿ ನೋಡಿದರು, ಬಗ್ಗಿ ಕೆಳಗಿನ ಕೀಲು ಮುಟ್ಟಿ ನೋಡಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದಿನ ಕೋಣೆಗೆ ಹೋದರು.

ನಾನೂ ನಿಮಗೊಂದು ವಿಷಯ ಬರೆದಿರಲಿಲ್ಲ. ಡಿಸೆಂಬರಿನಲ್ಲೇ ಜಾಲಹಳ್ಳಿಯಲ್ಲಿ ನನಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತ್ತು. ಮನೆ ಖಾಲಿಯಾಗಬೇಕೆಂದ ನಿಮ್ಮ ಮೊದಲ ಕಾಗದ ಓದಿದ ದಿನವೇ ಹೋಗಿಬಿಡುತ್ತಿದ್ದೆ. ದೊಡ್ಡಮ್ಮ ಬಿಡಲಿಲ್ಲ; ಕಿಟ್ಟನಿಗೆ ಇದನ್ನು ಬರೆಯಬೇಡ, ಇನ್ನೂ ಕೂಗಾಡ್ತಾನೆ ಎಂದರು. ಆ ಸರದಿ ಬೇರೆಯವರಿಗೆ ಹೋಯಿತು. ಹೇಳಿದ್ದನ್ನು ತಿದ್ದಿ ಬರೆಯಲಿಲ್ಲ ನಿಜ. ಬರೆಯಬೇಡ ಎಂದದ್ದನ್ನು ಬರೆಯದೆಯೂ ಇದ್ದೆ. ಅಷ್ಟು ತಪ್ಪು ನನ್ನದು.

ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮೆ ಇರಲಿ. ಬಿಟ್ಟು ಓದಲು ನನಗೆ ಬರುವುದಿಲ್ಲ.

ಗಯಾಸ್


ಯಲಹಂಕ
2-3-1960

ಕಿಟ್ಟ,

ಹಜಾರ ಖಾಲಿ ಐತೆ. ಗಯಾಸು ಸಾಮಾನೆಲ್ಲ ರೂಮಿಗೆ ಎಳ್ಕೊಂಡವ್ನೆ. ತೊಟ್ಲು ಮಾತ್ರ ಹಜಾರದಾಗೇ ಇರ್ತದೆ, ಕೊಕ್ಕೆ ಅಲ್ಲೇ ಇರೋದು. ಅಕ್ಬರಿ ಒಲೇನ ಹಿಂದ್ಗಡೆ ಚಪ್ಪರಕ್ಕೆ ಹಾಕಿವ್ನಿ. ಗೋಪಾಲಮ್ಮಂಗೆ ಅಡಿಗೆಮನೆ ಬಿಟ್ಟಿವ್ನಿ. ಎಣ್ಮಕ್ಳು ನನ್ ತಾವ ಮಲೀಕ್ಕಳ್ಳಿ. ಐದು ತಿಂಗ್ಳು ತುಂಬೋಗಂಟ ಇಂಗೆ. ಆಮ್ಯಾಕೆ ಗಯಾಸು ಬೇರೆ ಮನೆ ನೋಡ್ಕೊಂತೀನಿ ಅಂತಾನೆ. ಆಗ ನೋಡಾನ.

ಮನೆ ಪತ್ರ ನನ್ ಎಸರಾಗೈತೆ ಅನ್ನೋದನ್ನ ನೀನು ಮರ್ತಂಗೈತೆ. ಆದ್ರಿಂದ ಬಾಡ್ಗೆಗೆ ಬಿಡ್ತಿರೋಳು ನಾನು. ನಂದೂ ಷರತ್ತವೆ, ಕೇಳು. ಗೋಡೇಗೆ ಮೊಳೆ ಒಡೀಬಾರ್ದು. ದೀಪ ಅಚ್ಚಿದ್ ಮ್ಯಾಲೆ ಒರಳಾಡಿಸ್ಬಾರ್ದು, ಮಗ ಮಲಗಿರ್ತದೆ. ನೆಂಟ್ರು ಮೂರು ದಿನದ ಮ್ಯಾಲೆ ಇರಂಗಿಲ್ಲ. ನೀನು ನೆಂಟ ಅಲ್ಲ, ಇರು. ಏನಾರ ಕಷ್ಟ ಬಂದ್ರೆ ನನ್ ಸ್ನೇಯಿತಂಗೆ ಅನ್ಬಾರ್ದು. ನಗೋ ಮಾತು ಆಡ್ತಾ ಇರ್ಬೇಕು. ನಾವು ನಗ್ಲಿ ಬಿಡ್ಲಿ, ನೀನು ಆಡ್ಬೇಕು. ನೀನು ಅದನ್ನ ನಿಲ್ಲಿಸ್ದಾಗ್ಲೇ ನಂಗೆ ತಿಳೀತು.

ನಿನ್ ಕಾಗ್ದಾನೆಲ್ಲ ಇವ್ನ ಗಂಟ್ಲಲ್ಲಿ ಕೇಳಿ ಕೇಳಿ ನಿನ್ ದನಿ ಎಂಗಿತ್ತು ಅನ್ನೋದೇ ಮರ್ತೋಗ್ತಾ ಐತೆ. ಮನೆ ಬಿಡು ಬಿಡು ಅಂತ ನೀನು ಕೂಗಿದ್ದೂ ನಂಗೆ ಇವ್ನ ದನೀಲೇ ಕೇಳ್ತು. ಕಾಲೇಜಿನವ್ರು ಕೊಟ್ಟ ಆ ಮೊದಲ್ನೇ ಕಾಗ್ದ ಬಿಸಾಕಿದ್ದೀಯಾ, ಮಡಗಿದ್ದೀಯಾ? ಮಡಗಿದ್ರೆ ತಗಂಬಾ. ಬಂದು ನನ್ನೆದುರ್ಗೆ ಕೂತ್ಕೊಂಡು ಪೂರ್ತಿ ಓದು.


ರಾಯಚೂರು
10-3-1960

ಒಡತಿ ಮುನಿಕೆಂಪಮ್ಮನವರ ಸನ್ನಿಧಿಗೆ ಹೊಸ ಬಾಡಿಗೆದಾರ ರಾಮಕೃಷ್ಣಪ್ಪನ ಅರಿಕೆ.

ಷರತ್ತುಗಳೆಲ್ಲ ಒಪ್ಪಿಗೆ. ಹತ್ತೊಂಬತ್ತನೆಯ ತಾರೀಖು ಗುಂತಕಲ್ ಕಡೆಯಿಂದ ಬರುವ ರೈಲಿನಲ್ಲಿ ಯಲಹಂಕದಲ್ಲೇ ಇಳಿಯುತ್ತೇವೆ. ಇಲ್ಲಿ ಮನೆ ಬಿಡುವುದು ಸುಲಭ. ಬೀಗ ಹಾಕಲು ಬಾಗಿಲಿಲ್ಲ. ಸೀರೆ ಬಿಚ್ಚಿ ಮಡಚಿಕೊಂಡರೆ ಮನೆ ಖಾಲಿ.

ಅಕ್ಕಾ, ಆ ಕಾಗದ ಇದೆ. ಟ್ರಂಕಿನ ತಳದಲ್ಲಿ. ನಿನ್ನೆ ತೆಗೆದು ಗೋಪಾಲಮ್ಮನ ಮುಂದೆ ಗಟ್ಟಿಯಾಗಿ ಓದಲು ಅಭ್ಯಾಸ ಮಾಡಿದೆ. ಆ ಪದದ ಹತ್ತಿರ ಎರಡು ಸಲ ನಿಂತೆ. ಮೂರನೆಯ ಸಲ ಓದಿದೆ. ಅಲ್ಲಿಗೆ ಬರುವಷ್ಟರಲ್ಲಿ ಸರಿಯಾಗಬಹುದು.

ಒಂದೇ ಒಂದು ವಿನಾಯಿತಿ ಬೇಡುತ್ತೇನೆ. ನನಗೆ ಉಳಿದಿರುವುದು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು. ಬೆಂಗಳೂರಿನಲ್ಲಿ ಕೆಲಸ ಕೇಳಿಕೊಂಡು ಹೋಗಲು ಅದು ಬೇಕು. ಮಡಚಿಟ್ಟರೆ ಸುಕ್ಕಾಗುತ್ತದೆ, ಸುಕ್ಕಾದ ಕೋಟಿಗೆ ಯಾರೂ ಕುರ್ಚಿ ಕೊಡುವುದಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದುಕೊಳ್ಳಲೇ? ಪಕ್ಕದಲ್ಲಿ ಇನ್ನೊಂದು ಮೊಳೆಯದಂತೆ ನಾನೇ ಕಾವಲಿರುತ್ತೇನೆ.

ಗಯಾಸ್ ಅವರೇ, ಇಲ್ಲಿ ನಗಬಹುದು.


ಯಲಹಂಕ, ಕಾರ್ಡು
14-3-1960

ಕಿಟ್ಟ, ನಕ್ವಿ. ಗಯಾಸು ಟೇಸನ್ನಿಗೆ ಬತ್ತಾನೆ. ನಿನ್ ಮಕ ಅವ್ನು ನೋಡಿಲ್ಲ. ಒಂದೇ ಕೋಟು ಹಾಕ್ಕೊಂಡು ಸಾಮಾನು ಹೊತ್ಕೊಂಡು ಇಳಿಯೋ ಮೇಷ್ಟ್ರನ್ನ ಗುರ್ತಿಡಿತೀನಿ ಅಂತಾನೆ.

ಮೊಳೆ ಆಗಲ್ಲ. ನೀನು ಬ್ಯಾಡ ಅಂದಿದ್ ಕೊಕ್ಕೆ ತೊಲೇಲಿ ಐತೆ. ಮಗ ಎಚ್ಚರ ಇರೋ ಒತ್ನಲ್ಲಿ ತೊಟ್ಲು ಬಿಚ್ಚಿ ನಿನ್ ಕೋಟು ನೇತಾಕ್ಕೋ. ಅದಕ್ಕೆ ನಿದ್ದೆ ಬಂತು ಅಂದ್ರೆ ಕೋಟು ಹಾಕ್ಕೊಂಡು ಆಚ್ಗೋಗು, ಕೆಲ್ಸ ಹುಡುಕು.